ಓದಿದ ಊರಿಗೆ ಟೂರಿಸ್ಟ್ ಆಗಿ ಹೋಗೋದು: ನೀವು ಕೇಳಿದ್ದು, ನಾವು ಹೇಳಿದ್ದು

ಕಳೆದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಬರೀತಾ "ನೀವು ಕಾಲೇಜು ಓದಿದ ಊರನ್ನ ಒಂದ್ಸಲ ಟೂರಿಸ್ಟ್ ಥರ ನೋಡ್ಕೊಂಡು ಬನ್ನಿ, ಸಾಧ್ಯ ಆದ್ರೆ ಏನಾದ್ರೂ ಕಲ್ತ್ಕೊಂಡೂ ಬನ್ನಿ" ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ನಾನು ತಲೆ ಕೆಡಿಸ್ಕೊಂಡು ಬರೆದ ಯಾವ ಉತ್ತರಕ್ಕೂ ಬಂದಿಲ್ಲ. ಹಾಗಾಗಿ ಈ ಸಲ ಮಿಕ್ಕ ಪ್ರಶ್ನೆಗಳೆಲ್ಲ ಪಕ್ಕಕ್ಕೆ, ಇದೊಂದೇ ವಿಷಯ.

ಪ್ರಶ್ನೆ: ನಾನು ಇತ್ತೀಚೆಗೆ ರಿಟೈರ್ ಆದೆ. ಡಿಗ್ರಿ ಮುಗಿಸಿ ಬಂದ್ಮೇಲೆ ಆ ಊರಿಗೆ ಮತ್ತೆ ಕಾಲಿಟ್ಟಿಲ್ಲ. ಒಂದ್ಸಲ ಹೋಗ್ಬೇಕು ಅಂತ ತುಂಬಾ ಆಸೆ. ಆದ್ರೆ ಮಗಳು "ಅಲ್ಲೀಗ ಏನಿದೆ ಅಂತ ಹೋಗ್ತೀಯಮ್ಮಾ, ಇರೋ ನೆನಪೂ ಹಾಳಾಗತ್ತೆ ಅಷ್ಟೇ" ಅಂತಾಳೆ. ನಿಜವಾಗ್ಲೂ ಹಾಗಾಗತ್ತಾ?
(ನಿವೃತ್ತ ಬ್ಯಾಂಕ್ ಉದ್ಯೋಗಿ)

ಉತ್ತರ: ಮೇಡಂ, ನೆನಪು ಹಾಳಾಗೋದಕ್ಕೆ ನೀವು ಊರಿಗೆ ಹೋಗೋದೇ ಬೇಕಾಗಿಲ್ಲ, ಮನೇಲಿ ಕೂತಿದ್ರೂ ಅದು ಬದಲಾಗ್ತಾನೇ ಇರತ್ತೆ. ಕೇಂಬ್ರಿಡ್ಜಿನ ಫ್ರೆಡ್ರಿಕ್ ಬಾರ್ಟ್ಲೆಟ್ ಅನ್ನೋ ಮನಶ್ಶಾಸ್ತ್ರಜ್ಞ 1932ರಲ್ಲೇ ತೋರಿಸಿಕೊಟ್ಟಿದ್ದು ಇದನ್ನೇ, ಒಂದು ಕತೆಯನ್ನ ಜನರ ಹತ್ರ ಮತ್ತೆ ಮತ್ತೆ ಹೇಳಿಸ್ತಾ ಹೋದ್ರೆ ತಮಗೆ ಅರ್ಥ ಆಗದ ಭಾಗಗಳನ್ನ ಅವ್ರು ಬಿಡ್ತಾರೆ, ತಮಗೆ ಒಪ್ಪೋ ಹಾಗೆ ತಿದ್ದುತ್ತಾರೆ, ಮತ್ತೆ ಅದೇ ಮೂಲ ಕತೆ ಅಂತ ನಂಬ್ತಾರೆ. ಇಷ್ಟು ವರ್ಷದಲ್ಲಿ ನಿಮ್ಮ ಹಾಸ್ಟೆಲ್ ರೂಮಿನ ಕಿಟಕಿ ಎಷ್ಟು ಸಲ ದೊಡ್ಡದಾಗಿದ್ಯೋ ಯಾರಿಗೆ ಗೊತ್ತು!

ಇನ್ನೊಂದು ವಿಷಯ ಇದೆ. ನಲವತ್ತು ದಾಟಿದೋರನ್ನ ಕೂರಿಸಿ ನಿಮ್ಮ ಬದುಕಿನ ನೆನಪುಗಳನ್ನ ಹೇಳಿ ಅಂದ್ರೆ, ಹೆಚ್ಚುಕಮ್ಮಿ 10ರಿಂದ 30ನೇ ವಯಸ್ಸಿನ ನಡುವಿನ ನೆನಪುಗಳೇ ಲೆಕ್ಕಕ್ಕಿಂತ ಜಾಸ್ತಿ ಬರ್ತವೆ. ಬೇರೆ ಬೇರೆ ದೇಶದಲ್ಲಿ ಮಾಡಿ ನೋಡಿದ ಸಂಶೋಧನೆ ಇದು. ಮನೆ ಬಿಟ್ಟು ಇರೋದು, ಸ್ವಂತ ಕೈಯಲ್ಲಿ ದುಡ್ಡು ಹಿಡಿಯೋದು, ಯಾರನ್ನೋ ಇಷ್ಟ ಪಡೋದು, ಎಲ್ಲಾ ಮೊದಲ ಸಲ ಆಗೋದು ಆಗಲೇ ಅಲ್ವಾ, ಅದಕ್ಕೇ ಇರ್ಬೇಕು. ಹಾಗಾಗಿ ಆ ಊರು ನಿಮ್ಮ ತಲೇಲಿ ಅಷ್ಟು ಹೊಳೀತಿರೋದಕ್ಕೆ ಊರಿನ ಪಾಲಿಗಿಂತ ನಿಮ್ಮ ಆಗಿನ ವಯಸ್ಸಿನ ಪಾಲು ದೊಡ್ಡದು. ಆ ವಯಸ್ಸನ್ನ ಹುಡುಕ್ಕೊಂಡು ಹೋದ್ರೆ ಖಂಡಿತ ನಿರಾಸೆ. ಊರನ್ನ ನೋಡೋಕೆ ಹೋದ್ರೆ ಬೇಕಾದಷ್ಟಿದೆ, ಯಾಕಂದ್ರೆ ಸ್ಟೂಡೆಂಟ್ ಆಗಿದ್ದಾಗ ನಾವು ಯಾರೂ ಊರು ನೋಡಿರಲ್ಲ. ಹಾಸ್ಟೆಲ್, ಕ್ಲಾಸು, ಕ್ಯಾಂಟೀನು, ಬಸ್‌ಸ್ಟ್ಯಾಂಡು, ಜಾಸ್ತಿ ಅಂದ್ರೆ ಒಂದು ಥಿಯೇಟರ್. ಅಷ್ಟರಲ್ಲೇ ವರ್ಷಗಟ್ಲೆ ಸುತ್ತಿರ್ತೀವಿ.

ನಂಬಿಕೆ ಬರ್ಲಿಲ್ಲ ಅಂದ್ರೆ ಹೊರಡೋಕೆ ಮುಂಚೆ ಒಂದು ಕೆಲಸ ಮಾಡಿ, ಖಾಲಿ ಹಾಳೆ ತಗೊಂಡು ಫೋನು ನೋಡದೆ ನಿಮ್ಮ ಕಾಲೇಜು ಊರಿನ ನಕ್ಷೆ ಬರೀರಿ. ಇದು ನನ್ನ ಐಡಿಯಾ ಏನಲ್ಲ. ಕೆವಿನ್ ಲಿಂಚ್ ಅನ್ನೋ ಅಮೆರಿಕದ ನಗರ ಯೋಜಕ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸಿನ ನಿವಾಸಿಗಳ ಹತ್ರ ಹೀಗೇ ನಕ್ಷೆ ಬರೆಸಿ 1960ರಲ್ಲಿ ಅದರ ಬಗ್ಗೆ ಬರೆದಿದ್ದ. ಜನರ ತಲೇಲಿರೋ ಊರು ದಾರಿ, ಅಂಚು, ಬಡಾವಣೆ, ಕೂಡು ಜಾಗ, ಗುರುತಿನ ಕಟ್ಟಡ ಅಂತ ಐದು ಥರದ ವಸ್ತುಗಳಿಂದ ಕಟ್ಟಿರತ್ತೆ ಅನ್ನೋದು ಅವನ ಲೆಕ್ಕ. ನಾನೂ ಬರೆದು ನೋಡಿದೆ. ನೋಟಿಸ್ ಬೋರ್ಡ್ ಕೆಳಗೆ ಒಡೆದಿದ್ದ ಮೆಟ್ಟಿಲು ಸಮೇತ ಕಾಲೇಜು ಬಂತು, ಜೆರಾಕ್ಸ್ ಅಂಗಡಿ ಬಂತು, ಸೈಕಲ್ ಸ್ಟ್ಯಾಂಡ್ ಬಂತು, ರೈಲ್ವೆ ಗೇಟ್ ಬಂತು, ಅಲ್ಲಿಗೆ ಊರು ಮುಗೀತು. ಗೇಟಿನಾಚೆ ಬರೀ ಬಿಳಿ ಹಾಳೆ. ಆಮೇಲೆ ಹೋದಾಗ ಮೊದಲು ದಾಟಿದ್ದೇ ಆ ಗೇಟನ್ನ. ಸ್ವಲ್ಪ ದೂರ ನಡೆದ್ರೆ ಹಳೇ ಊರು ಶುರುವಾಯ್ತು, ಇಬ್ಬರು ಎದುರಾದ್ರೆ ಒಬ್ಬರು ಗೋಡೆಗೆ ಒರಗಿ ನಿಲ್ಬೇಕಾದಂಥ ಬೀದಿ, ಮನೆ ಬಾಗಿಲ ಮೇಲೆ ಕೆತ್ತಿದ ಇಸವಿಗಳು, ಒಂದು ಬಾವಿ ಕಟ್ಟೆ. ಅದರ ಕಲ್ಲಿಗೆ ಹಗ್ಗ ಉಜ್ಜಿ ಉಜ್ಜಿ ಬೆರಳು ಇಳಿಯೋಷ್ಟು ಆಳದ ಗೆರೆಗಳು ಬಿದ್ದಿದ್ವು, ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಒಂದೋ ಎರಡೋ, ಯಾಕಂದ್ರೆ ಆ ಕಡೆ ಬಿಸಿಲು ಅಂತ ಅಲ್ಲೇ ಕೂತಿದ್ದ ಅಜ್ಜಿ ಹೇಳಿದ್ರು. ಕ್ಲಾಸಲ್ಲಿ ಇತಿಹಾಸ ಅಂತ ಓದ್ತಿದ್ದಾಗ ಇದೆಲ್ಲ ಅಷ್ಟು ಹತ್ರದಲ್ಲೇ ಇತ್ತು ನೋಡಿ.

ಮಗಳನ್ನೂ ಕರ್ಕೊಂಡು ಹೋಗಿ. ನಕ್ಷೆ ಅವಳ ಕೈಗೆ ಕೊಟ್ಟು ಖಾಲಿ ಜಾಗಗಳಿಗೆ ಅವಳೇ ದಾರಿ ತೋರಿಸ್ಲಿ.

ಪ್ರಶ್ನೆ: ಹೋಗಿ ಬಂದೆ ಸರ್. ಎಲ್ಲಾ ಯಾಕೆ ಅಷ್ಟು ಚಿಕ್ಕದಾಗಿ ಕಾಣತ್ತೆ?

ಉತ್ತರ: ಪ್ರೈಮರಿ ಸ್ಕೂಲಿಗೆ ಹೋದಾಗ ಹಾಗನ್ಸಿದ್ರೆ ನಾವು ಉದ್ದ ಆಗಿದ್ದೀವಿ ಅಂತ ಹೇಳ್ಬಹುದು. ಕಾಲೇಜಿನ ವಿಷಯದಲ್ಲಿ ಆ ಸಮಾಧಾನ ಇಲ್ಲ, ಆಗಲೂ ಇಷ್ಟೇ ಎತ್ತರ ಇದ್ರಿ. ನನ್ನ ಊಹೆ ಏನಂದ್ರೆ ಆಗ ನೀವು ನಡ್ಕೊಂಡು ಓಡಾಡ್ತಿದ್ರಿ, ಅದೂ ನಾಲ್ಕು ಜನರ ಜೊತೆ, ದಾರೀಲಿ ಮೂರು ಕಡೆ ನಿಂತು. ಈಗ ಕಾರಲ್ಲಿ ಹೋಗಿ ಇಳಿದ್ರೆ ಅದೇ ದೂರ ಎರಡು ನಿಮಿಷ. ಮುಂದಿನ ಸಲ ಗಾಡಿ ಹೊರಗೆ ಬಿಟ್ಟು ನಡೀರಿ, ಊರು ಸ್ವಲ್ಪ ದೊಡ್ಡದಾಗತ್ತೆ. ಮಂಡಿ ನೋವಿದ್ರೆ ಇನ್ನೂ ದೊಡ್ಡದಾಗತ್ತೆ.

ಪ್ರಶ್ನೆ: ಟೂರಿಸ್ಟ್ ಥರ ನೋಡಿ ಅಂತೀರಿ, ಕಾಲೇಜು ಊರಲ್ಲಿ ನೋಡೋಕೆ ಏನಿರತ್ತೆ? ನಾಲ್ಕು ಬಿಲ್ಡಿಂಗು, ಒಂದು ಗ್ರೌಂಡು. ನಮ್ಮ ಬ್ಯಾಚಿನವರ ಗ್ರೂಪಲ್ಲಿ ಎಲ್ರೂ ಗೇಟ್ ಮುಂದೆ ಸೆಲ್ಫಿ ಹಾಕಿ ವಾಪಸ್ ಬಂದಿದ್ದಾರೆ.

ಉತ್ತರ: ಆ ಗೇಟ್ ಸೆಲ್ಫಿ ನೋಡಿ ನೋಡಿ ನನಗೂ ಸಾಕಾಗಿದೆ, ಅದೇ ಕಮಾನು, ಅದೇ ಕೂಲಿಂಗ್ ಗ್ಲಾಸು. ಒಳಗೆ ಹೋಗ್ರಪ್ಪಾ.

ಎಲ್ಲಿಗೆ ಹೋಗ್ಬೇಕು ಅಂದ್ರೆ, ನೀವು ಓದದೇ ಇದ್ದ ಡಿಪಾರ್ಟ್‌ಮೆಂಟಿಗೆ. ಕಾಮರ್ಸ್ ಓದಿದವರು ಜಿಯಾಲಜಿ ವಿಭಾಗದ ಕಲ್ಲುಗಳ ಕಪಾಟು ನೋಡಿರಲ್ಲ, ಫಿಸಿಕ್ಸಿನವರು ಬಾಟನಿಯವರ ಹರ್ಬೇರಿಯಂ ನೋಡಿರಲ್ಲ, ಒಣಗಿಸಿದ ಗಿಡವನ್ನ ಹಾಳೆಗೆ ಅಂಟಿಸಿ ಪಕ್ಕದಲ್ಲಿ ಯಾವ ದಿನ ಎಲ್ಲಿ ಸಿಕ್ತು ಯಾರು ಕಿತ್ರು ಅಂತ ಯಾರೋ ಮುದ್ದಾದ ಅಕ್ಷರದಲ್ಲಿ ಬರೆದಿಟ್ಟಿರ್ತಾರೆ, ಈಗ ಸೈಟುಗಳಾಗಿ ಹೋಗಿರೋ ಗುಡ್ಡದ ಗಿಡಗಳೂ ಅದರಲ್ಲಿ ಇರ್ತವೆ. ಒಂದಿಡೀ ಬೆಳಿಗ್ಗೆ ಅದಕ್ಕೇ ಬೇಕು.

ಜಗತ್ತಿನ ಹಳೇ ಯೂನಿವರ್ಸಿಟಿ ಊರುಗಳು ಟೂರಿಸ್ಟ್ ಜಾಗ ಆಗಿರೋದೂ ಇಂಥದ್ದರಿಂದಲೇ. ಇಟಲಿಯ ಪಡುವಾ ತಗೊಳ್ಳಿ. ಅಲ್ಲಿ 1545ರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಔಷಧಿ ಗಿಡ ಗುರುತಿಸೋಕೆ ಬರ್ಲಿ ಅಂತ ಮಾಡಿದ ತೋಟ ಈಗಲೂ ಅದೇ ಜಾಗದಲ್ಲಿದೆ, 1997ರಲ್ಲಿ ವಿಶ್ವ ಪರಂಪರೆ ಪಟ್ಟಿಗೂ ಸೇರಿದೆ. ಒಳಗೆ 1585ರಲ್ಲಿ ನೆಟ್ಟ ಒಂದು ತಾಳೆ ಜಾತಿಯ ಮರ ಇದೆ, ಜರ್ಮನ್ ಕವಿ ಗಯಟೆ 1786ರಲ್ಲಿ ಬಂದು ನೋಡಿ ಅದರಿಂದಲೇ ಗಿಡಗಳ ಬೆಳವಣಿಗೆ ಬಗ್ಗೆ ಯೋಚಿಸೋಕೆ ಹತ್ತಿದ, ಈಗ ಮರಕ್ಕೇ ಅವನ ಹೆಸರು. ಆ ಊರಲ್ಲೇ 1595ರ ಅಂಗರಚನಾ ಶಾಸ್ತ್ರದ ಕೊಠಡಿ ಇದೆ, ಕೆಳಗೆ ಹೆಣ ಕೊಯ್ಯೋ ಮೇಜು, ಸುತ್ತ ಮೊಟ್ಟೆ ಆಕಾರದಲ್ಲಿ ಆರು ಸಾಲು ಮರದ ಕಟಾಂಜನ, ಕೂರೋಕೆ ಜಾಗವೇ ಇಲ್ಲ, ವಿದ್ಯಾರ್ಥಿಗಳು ಕಟಾಂಜನ ಹಿಡ್ಕೊಂಡು ಬಗ್ಗಿ ನೋಡ್ಬೇಕು. ರಕ್ತ ಪರಿಚಲನೆ ವಿವರಿಸಿದ ವಿಲಿಯಂ ಹಾರ್ವೆ 1602ರಲ್ಲಿ ಡಿಗ್ರಿ ತಗೊಂಡಿದ್ದು ಅಲ್ಲಿಂದಲೇ. ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಅನ್ನೋ ಹೆಣ್ಣುಮಗಳು 1678ರಲ್ಲಿ ಡಾಕ್ಟರೇಟ್ ತಗೊಂಡಿದ್ದೂ ಅಲ್ಲೇ, ಹೆಂಗಸರಲ್ಲಿ ಅದು ಮೊದಲನೇದು ಅಂತಾರೆ.

ಪೋರ್ಚುಗಲ್ಲಿನ ಕೊಯಿಂಬ್ರಾದ ಯೂನಿವರ್ಸಿಟಿ ಲೈಬ್ರರಿ ಕತೆ ಇನ್ನೂ ಮಜ. ಹದಿನೆಂಟನೇ ಶತಮಾನದ ಕಟ್ಟಡ, ಒಳಗೆ ಬಾವಲಿಗಳು ವಾಸ ಇವೆ. ಓಡಿಸೋದಿಲ್ಲ, ಯಾಕಂದ್ರೆ ಪುಸ್ತಕ ತಿನ್ನೋ ಹುಳಗಳನ್ನ ರಾತ್ರಿ ಅವು ತಿನ್ನತ್ವೆ. ಸಂಜೆ ಬಾಗಿಲು ಹಾಕೋ ಮುಂಚೆ ಮೇಜುಗಳಿಗೆ ಚರ್ಮದ ಹೊದಿಕೆ ಹಾಕ್ತಾರೆ, ಬೆಳಿಗ್ಗೆ ಬಂದು ಹಿಕ್ಕೆ ಗುಡಿಸ್ತಾರೆ. ಜರ್ಮನಿಯ ಹೈಡಲ್‌ಬರ್ಗಲ್ಲಿ ಗಲಾಟೆ ಮಾಡಿದ ವಿದ್ಯಾರ್ಥಿಗಳನ್ನ ಕೂಡಿ ಹಾಕೋ ಜೈಲು ಯೂನಿವರ್ಸಿಟಿ ಒಳಗೇ ಇತ್ತು, 1914ರ ತನಕ ನಡೀತಿತ್ತು, ಒಳಗಿದ್ದೋರು ಗೋಡೆ ತುಂಬ ತಮ್ಮ ಚಿತ್ರ ಹೆಸರು ಎಲ್ಲ ಬರೆದು ಹೋಗಿದ್ದಾರೆ, ಈಗ ಜನ ಟಿಕೆಟ್ ತಗೊಂಡು ಅದನ್ನ ನೋಡ್ತಾರೆ. ಡೆಸ್ಕ್ ಮೇಲೆ ಕಂಪಾಸಿನಿಂದ ಹೆಸರು ಕೆತ್ತಿ ಬೈಸ್ಕೊಂಡಿದ್ದ ನಮ್ಮ ಬ್ಯಾಚಿನವರಿಗೆ ಇದನ್ನ ಹೇಳ್ಬೇಕು.

ನಿಮ್ಮ ಊರಲ್ಲಿ ಪಡುವಾ ಇಲ್ದೇ ಇರ್ಬಹುದು. ಆದ್ರೆ ಕಟ್ಟಡ ಯಾರು ಕಟ್ಟಿಸಿದ್ರು, ಕಲ್ಲು ಎಲ್ಲಿಂದ ಬಂತು, ಕಾಲೇಜು ಬರೋ ಮುಂಚೆ ಆ ಜಾಗ ಯಾರದ್ದಾಗಿತ್ತು, ಊರಿಗೂ ಕಾಲೇಜಿಗೂ ಜಗಳ ಆಗಿತ್ತಾ, ಇಷ್ಟು ಕೇಳ್ಕೊಂಡು ಹೋದ್ರೆ ಎರಡು ದಿನ ಸಾಕಾಗಲ್ಲ. ಹಳೇ ಕ್ಲರ್ಕುಗಳನ್ನ, ಲ್ಯಾಬ್ ಅಟೆಂಡರುಗಳನ್ನ ಕೇಳಿ. ಪ್ರಿನ್ಸಿಪಾಲರು ವರ್ಗ ಆಗಿ ಬಂದಿರ್ತಾರೆ, ಅವ್ರಿಗೆ ಏನೂ ಗೊತ್ತಿರಲ್ಲ.

ಪ್ರಶ್ನೆ: ಐವತ್ತೈದರ ಮೇಲೆ ಕ್ಲಾಸಲ್ಲಿ ಹೋಗಿ ಕೂತ್ಕೊಂಡ್ರೆ ಹುಡುಗ್ರು ನಗಲ್ವಾ? ಸುಮ್ನೆ ಹೋಗಿ ಕೂತ್ಕೋಬಹುದಾ? ಈ ವಯಸ್ಸಲ್ಲಿ ತಲೆಗೆ ಹತ್ತತ್ತಾ ಅನ್ನೋದೂ ಒಂದು ಡೌಟು.

ಉತ್ತರ: ಸುಮ್ನೆ ಹೋಗಿ ಕೂತ್ಕೋಬೇಡಿ, ಇನ್‌ಸ್ಪೆಕ್ಷನ್‌ಗೆ ಬಂದಿದ್ದಾರೆ ಅಂತ ಆ ಮೇಷ್ಟ್ರು ಹೆದರ್ಕೊಳ್ತಾರೆ. ಒಂದೆರಡು ವಾರ ಮುಂಚೆ ವಿಭಾಗದ ಮುಖ್ಯಸ್ಥರಿಗೆ ಮೇಲ್ ಹಾಕಿ, ಇಂಥ ವರ್ಷ ಇಲ್ಲಿ ಓದಿದ್ದೆ, ಇಂಥ ವಿಷಯದ ಒಂದು ಕ್ಲಾಸ್ ಕೇಳೋ ಆಸೆ, ಹಿಂದಿನ ಬೆಂಚಲ್ಲಿ ಇರ್ತೀನಿ ಅಂತ ಬರೀರಿ. ಎಷ್ಟೋ ಕಡೆ ಒಪ್ತಾರೆ, ಒಪ್ಪದೇ ಇದ್ರೆ ಸಾರ್ವಜನಿಕ ಉಪನ್ಯಾಸ ಯಾವಾಗ ಇದೆ ಅಂತ ಕೇಳಿ, ಅದಕ್ಕೆ ಯಾರೂ ಬೇಡ ಅನ್ನಲ್ಲ, ಜನ ಸೇರ್ಸೋದೇ ಅವ್ರಿಗೆ ಕಷ್ಟ ಆಗಿರತ್ತೆ. ಜರ್ಮನಿ ಯೂನಿವರ್ಸಿಟಿಗಳಲ್ಲಂತೂ ಪರೀಕ್ಷೆ ಡಿಗ್ರಿ ಯಾವುದೂ ಬೇಡ ಬರೀ ಪಾಠ ಕೇಳ್ತೀನಿ ಅನ್ನೋರಿಗೆ ಅತಿಥಿ ಶ್ರೋತೃ ಅಂತ ಬೇರೆ ನೋಂದಣಿನೇ ಇದೆ.

ವಯಸ್ಸಾದೋರು ಕಾಲೇಜಿಗೆ ವಾಪಸ್ ಹೋಗೋ ಐಡಿಯಾ ಹೊಸದೇನಲ್ಲ. 1973ರಲ್ಲಿ ಫ್ರಾನ್ಸಿನ ಟುಲೂಸಲ್ಲಿ ಪಿಯೆರ್ ವೆಲ್ಲಾಸ್ ಅನ್ನೋ ಪ್ರೊಫೆಸರು ನಿವೃತ್ತರಿಗೆ ಅಂತಲೇ ಯೂನಿವರ್ಸಿಟಿ ಬಾಗಿಲು ತೆಗೆದ್ರು, ಅದಕ್ಕೆ ಮೂರನೇ ವಯಸ್ಸಿನ ವಿಶ್ವವಿದ್ಯಾಲಯ ಅಂತ ಹೆಸರು. ಹತ್ತು ವರ್ಷದೊಳಗೆ ಬ್ರಿಟನ್ನಿಗೂ ಬಂತು, ಆದ್ರೆ ಅಲ್ಲಿಯವರು ಪ್ರೊಫೆಸರುಗಳೇ ಬೇಡ, ನಮ್ಮಲ್ಲೇ ಗೊತ್ತಿರೋರು ಗೊತ್ತಿಲ್ಲದೋರಿಗೆ ಹೇಳ್ಕೊಡೋಣ ಅಂತ ಮಾಡ್ಕೊಂಡ್ರು. ನನಗೆ ಇವೆರಡಕ್ಕಿಂತ ಇಷ್ಟ ಆಗೋದು ಅಮೆರಿಕದ ಎಲ್ಡರ್‌ಹಾಸ್ಟೆಲ್ ಕತೆ. ಮಾರ್ಟಿ ನೋಲ್ಟನ್ ಅನ್ನೋರು ಬೆನ್ನಿಗೆ ಚೀಲ ಹಾಕ್ಕೊಂಡು ಯುರೋಪು ಸುತ್ತಿ ಬಂದ್ರು, ಅಲ್ಲಿನ ಯೂತ್ ಹಾಸ್ಟೆಲ್ಲುಗಳನ್ನ, ಪರೀಕ್ಷೆ ಇಲ್ದೇ ದೊಡ್ಡೋರಿಗೆ ಪಾಠ ನಡ್ಸೋ ಸ್ಕ್ಯಾಂಡಿನೇವಿಯಾದ ಜನಪದ ಶಾಲೆಗಳನ್ನ ನೋಡಿದ್ರು. ಬಂದು ನ್ಯೂ ಹ್ಯಾಂಪ್‌ಶೈರ್ ಯೂನಿವರ್ಸಿಟಿಯ ಗೆಳೆಯ ಡೇವಿಡ್ ಬಿಯಾಂಕೋ ಜೊತೆ ಮಾತಾಡ್ತಾ ಕೂತಾಗ ಹೊಳೆದಿದ್ದು ಸರಳ ವಿಷಯ, ಬೇಸಿಗೆ ರಜೇಲಿ ಹಾಸ್ಟೆಲ್ ರೂಮುಗಳು ಖಾಲಿ ಬಿದ್ದಿರ್ತವೆ, ವಯಸ್ಸಾದೋರಿಗೆ ಸಮಯ ಇರತ್ತೆ. 1975ರ ಬೇಸಿಗೆಯಲ್ಲಿ ಐದು ಕಾಲೇಜುಗಳಲ್ಲಿ ಶುರು ಮಾಡಿದ್ರು, ಬಂದೋರು ಹಾಸ್ಟೆಲ್ಲಲ್ಲೇ ಇರ್ಬೇಕು, ಬೆಳಿಗ್ಗೆ ಪಾಠ ಕೇಳ್ಬೇಕು, ಹೋಮ್‌ವರ್ಕ್ ಇಲ್ಲ, ಗ್ರೇಡ್ ಇಲ್ಲ. ಈಗ ಅದು ರೋಡ್ ಸ್ಕಾಲರ್ ಅನ್ನೋ ಹೆಸರಲ್ಲಿ ಪ್ರಪಂಚದ ಎಲ್ಲಾ ಕಡೆ ಪ್ರವಾಸ ನಡ್ಸತ್ತೆ.

ತಲೆಗೆ ಹತ್ತೋ ವಿಷಯ. ರೇಮಂಡ್ ಕ್ಯಾಟೆಲ್ ಅನ್ನೋ ಮನಶ್ಶಾಸ್ತ್ರಜ್ಞ ಬುದ್ಧಿಯನ್ನ ಎರಡು ಭಾಗ ಮಾಡಿದ್ದ: ಹೊಸ ಒಗಟನ್ನ ಚುರುಕಾಗಿ ಬಿಡಿಸೋದು ಒಂದು, ಇಷ್ಟು ವರ್ಷ ಕೂಡಿಟ್ಟ ತಿಳಿವಳಿಕೆ ಪದಸಂಪತ್ತು ಎಲ್ಲ ಬಳಸೋದು ಇನ್ನೊಂದು. ಮೊದಲನೇದು ವಯಸ್ಸಾಗ್ತಾ ಇಳಿಯತ್ತೆ, ಎರಡನೇದು ಬಹಳ ಕಾಲ ನಿಲ್ಲತ್ತೆ. ಹಾಗಾಗಿ ಹೊಸ ಗಣಿತ ಕಷ್ಟ ಆಗ್ಬಹುದು. ಇತಿಹಾಸ, ಸಾಹಿತ್ಯ, ಅರ್ಥಶಾಸ್ತ್ರ ಇಂಥದ್ದು ಇಪ್ಪತ್ತರಲ್ಲಿ ಅರ್ಥ ಆಗಿದ್ದಕ್ಕಿಂತ ಚೆನ್ನಾಗಿ ಅರ್ಥ ಆಗತ್ತೆ, ಸಾಲದ ಬಡ್ಡಿ ಕಟ್ಟಿ ನೋಡಿದೋರಿಗೆ ಹಣದುಬ್ಬರದ ಪಾಠ ಬೇರೆ ಥರಾನೇ ಕೇಳ್ಸತ್ತೆ. ಹುಡುಗ್ರು ನಗಲ್ಲ, ಅವ್ರು ಫೋನ್ ನೋಡ್ತಿರ್ತಾರೆ. ಒಂದೇ ವಿನಂತಿ, ಮೇಷ್ಟ್ರು ಪ್ರಶ್ನೆ ಕೇಳಿದ ತಕ್ಷಣ ನೀವೇ ಕೈ ಎತ್ಬೇಡಿ. "ನಮ್ಮ ಕಾಲದಲ್ಲಿ" ಅಂತ ಶುರು ಮಾಡ್ಲೇಬೇಡಿ.

ಪ್ರಶ್ನೆ: ನಮ್ಮ ಮನೆಯವ್ರು ಓದಿದ ಊರಿಗೆ ಮುಂದಿನ ತಿಂಗಳು ಹೋಗ್ತಿದ್ದೀವಿ. ಅವ್ರ ಕಾಲೇಜಿನ ಕತೆಗಳೆಲ್ಲ ನನಗೆ ಈಗಾಗ್ಲೇ ಬಾಯಿಪಾಠ. ನಾನು ಅಲ್ಲಿ ಏನ್ ಮಾಡ್ಲಿ?
(ನೊಂದ ಗಂಡ)

ಉತ್ತರ: ಮೊದಲ ದಿನ ಪೂರ್ತಿ ಅವ್ರಿಗೆ ಬಿಟ್ಕೊಡಿ, ಎಲ್ಲಾ ಕತೆಗೂ ಹೊಸದಾಗಿ ಕೇಳ್ತಿರೋ ಹಾಗೆ "ಹೌದಾ" ಅನ್ನಿ. ಎರಡನೇ ದಿನ ಅವ್ರು ಗೆಳತಿಯರ ಜೊತೆ ಹೋಗ್ಲಿ, ನೀವು ನಿಮಗೆ ಬೇಕಾದ್ದು ನೋಡಿ. ನಿಜ ಹೇಳ್ಬೇಕಂದ್ರೆ ಆ ಊರಿಗೆ ಒಳ್ಳೆ ಟೂರಿಸ್ಟ್ ನೀವೇ, ನಿಮಗೆ ಅಲ್ಲಿ ನೆನಪಿನ ಹಂಗಿಲ್ಲ. ಅವ್ರು ಮೂರು ವರ್ಷ ಅದರ ಕೆಳಗೇ ಓಡಾಡಿ ಒಂದ್ಸಲನೂ ತಲೆ ಎತ್ತಿ ನೋಡದ ಗಡಿಯಾರದ ಗೋಪುರ ನಿಮಗೆ ಬಸ್ ಇಳಿದ ತಕ್ಷಣ ಕಾಣತ್ತೆ. ಸಂಜೆ ಅವ್ರಿಗೆ ಹೇಳಿ, ಆಮೇಲೆ ಕತೆ ಹೇಳೋ ಸರದಿ ನಿಮ್ದು.

ಪ್ರಶ್ನೆ: ನಾನು ಆ ಊರಲ್ಲಿ ಡಿಗ್ರಿ ಮುಗಿಸ್ಲಿಲ್ಲ. ಎರಡನೇ ವರ್ಷ ಫೇಲಾಗಿ, ಮನೇಲೂ ಕಷ್ಟ ಇತ್ತು, ಬಿಟ್ಟು ಬಂದೆ. ಈಗ ಕೆಲಸ ಸಂಸಾರ ಎಲ್ಲಾ ಚೆನ್ನಾಗಿದೆ. ಆದ್ರೂ ಆ ಕಡೆ ಬಸ್ ಹೋದ್ರೆ ಕಿಟಕಿಯಿಂದ ಮುಖ ತಿರುಗಿಸ್ತೀನಿ. ನನ್ನಂಥೋರು ಹೋಗ್ಬೇಕಾ?

ಉತ್ತರ: ಹೋಗ್ಲೇಬೇಕು ಅಂತ ಏನೂ ಇಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಹೋಗಿ ಎದುರಿಸಿ ಬಂದ್ರೆ ಎಲ್ಲಾ ಸರಿಹೋಗತ್ತೆ ಅಂತ ಸಲಹೆ ಕೊಡೋರು ತುಂಬಾ ಜನ ಸಿಗ್ತಾರೆ ನಿಮಗೆ.

ಕೆಟ್ಟ ಘಟನೆಯ ನೋವು ಒಳ್ಳೆ ಘಟನೆಯ ಸಂತೋಷಕ್ಕಿಂತ ಬೇಗ ಮಾಸತ್ತೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡಿದೋರು ಕಂಡ್ಕೊಂಡಿದ್ದಾರೆ, ಆದ್ರೆ ಅದು ಸರಾಸರಿ ಲೆಕ್ಕ, ಎಲ್ರಿಗೂ ಎಲ್ಲಾ ನೋವಿಗೂ ಹಾಗಾಗಲ್ಲ. ನಿಮ್ದು ಇನ್ನೂ ಮಾಸಿಲ್ಲ ಅಂತ ಕಾಣ್ಸತ್ತೆ. ಹೋಗೋ ಮನಸ್ಸು ಬಂದ್ರೆ ಕಾಲೇಜಿಂದ ಶುರು ಮಾಡ್ಬೇಡಿ. ಊರಿನ ಬೇರೆ ತುದೀಲಿ ಉಳ್ಕೊಳ್ಳಿ, ಕೆರೆನೋ ಕೋಟೆನೋ ಮ್ಯೂಸಿಯಮ್ಮೋ ಏನಿದ್ಯೋ ಅದನ್ನ ನೋಡಿ, ಪಬ್ಲಿಕ್ ಲೈಬ್ರರೀಲಿ ಕೂತು ಊರಿನ ಚರಿತ್ರೆ ಓದಿ. ಕಾಲೇಜಿನ ಕಡೆ ಕಾಲು ತಾನಾಗಿ ಹೋದ್ರೆ ಹೋಗ್ಲಿ. ಆ ಊರಲ್ಲಿ ಬದುಕ್ತಿರೋ ಬಹಳಷ್ಟು ಜನ ಆ ಕಾಲೇಜಿನ ಮೆಟ್ಟಿಲೇ ಹತ್ತಿಲ್ಲ, ಅವ್ರ ಲೆಕ್ಕದಲ್ಲಿ ಅದು ಟ್ರಾಫಿಕ್ ಜಾಮ್ ಆಗೋ ಒಂದು ಜಾಗ ಅಷ್ಟೇ. ಅವ್ರ ಜೊತೆ ಎರಡು ದಿನ ಇದ್ದು ಬಂದ್ರೆ ಊರು ಬೇರೆ, ಆ ರಿಸಲ್ಟ್ ಶೀಟ್ ಬೇರೆ ಅಂತ ಆಗ್ಬಹುದು. ಆಗದೇನೂ ಇರ್ಬಹುದು. ಜೊತೆಗೆ ಯಾರಾದ್ರೂ ಇರ್ಲಿ, ವಾಪಸ್ ಬರೋ ಟಿಕೆಟ್ ಯಾವಾಗ ಬೇಕಾದ್ರೂ ಬದಲಾಯಿಸೋ ಹಾಗಿರ್ಲಿ.

ಪ್ರಶ್ನೆ: ಯಾವಾಗ ಹೋಗೋದು ಒಳ್ಳೇದು? ರಜೇಲೋ ಕಾಲೇಜು ನಡೀವಾಗ್ಲೋ?

ಉತ್ತರ: ಕಾಲೇಜು ನಡೀವಾಗ. ರಜೇಲಿ ಹೋದ್ರೆ ಬೀಗ ನೋಡ್ಕೊಂಡು ಬರ್ತೀರಿ. ಪರೀಕ್ಷೆ ಸಮಯ ಬೇಡ, ಯಾರೂ ಮಾತಾಡೋ ಸ್ಥಿತೀಲಿ ಇರಲ್ಲ.

ನೀವು ಮೊದಲ ಸಲ ಆ ಊರಿಗೆ ಬಂದಿದ್ದು ಯಾವ ಕಾಲದಲ್ಲೋ ಅದೇ ಕಾಲದಲ್ಲಿ ಹೋಗಿ ಅಂತ ನಾನು ಹೇಳ್ತೀನಿ. ಮಳೇಲಿ ಬಂದಿದ್ರೆ ಮಳೇಲಿ. ಕಣ್ಣು ಕಿವಿಗಳ ಸುದ್ದಿ ಮಿದುಳಿನ ಒಂದು ನಡುಮನೆ ದಾಟಿ ಹೋಗ್ಬೇಕು, ವಾಸನೆ ಮಾತ್ರ ಭಾವನೆ ನೆನಪು ನೋಡ್ಕೊಳ್ಳೋ ಭಾಗಗಳಿಗೆ ಹೆಚ್ಚುಕಮ್ಮಿ ನೇರವಾಗಿ ತಲುಪತ್ತೆ, ಅದಕ್ಕೇ ಒದ್ದೆ ಮಣ್ಣು, ಲ್ಯಾಬಿನ ಗ್ಯಾಸು, ಹಳೇ ಪುಸ್ತಕದ ಧೂಳು ಎಲ್ಲ ಹಾಗೆ ಥಟ್ಟಂತ ಹಿಡಿಯೋದು. ಜಾಗಕ್ಕೂ ನೆನಪಿಗೂ ನಂಟಿದೆ ಅನ್ನೋಕೆ ಎಲ್ರೂ ಉದಾಹರಣೆ ಕೊಡೋದು 1975ರ ಗಾಡನ್ ಮತ್ತು ಬ್ಯಾಡ್ಲಿ ಪ್ರಯೋಗ, ನೀರಿನಾಳಕ್ಕೆ ಇಳಿಯೋ ಡೈವರುಗಳು ನೀರಿನ ಕೆಳಗೆ ಕಲ್ತ ಪದಗಳನ್ನ ದಡದಲ್ಲಿ ನೆನಪಿಸ್ಕೊಳ್ಳೋದಕ್ಕಿಂತ ನೀರಿನ ಕೆಳಗೇ ಚೆನ್ನಾಗಿ ನೆನಪಿಸ್ಕೊಂಡ್ರು ಅಂತ. 2021ರಲ್ಲಿ ಅದನ್ನ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಬರ್ಲಿಲ್ಲ. ಹಾಗಾಗಿ ಹಳೇ ಕ್ಲಾಸ್‌ರೂಮಿಗೆ ಹೋದ ತಕ್ಷಣ ಮರೆತ ಫಾರ್ಮುಲಾ ಎಲ್ಲಾ ವಾಪಸ್ ಬರತ್ತೆ ಅಂತ ಕಾಯ್ಬೇಡಿ.

ಪ್ರಶ್ನೆ: ನಮ್ಮ ಹಳೇ ಪ್ರೊಫೆಸರ್ ಒಬ್ರು ಇನ್ನೂ ಅದೇ ಊರಲ್ಲಿ ಇದ್ದಾರಂತೆ. ನೋಡ್ಬೇಕು ಅಂತ ಇದೆ, ಆದ್ರೆ ಅವ್ರಿಗೆ ನನ್ನ ನೆನಪು ಇರತ್ತಾ?

ಉತ್ತರ: ಇರಲ್ಲ ಅಂತಲೇ ಇಟ್ಕೊಳ್ಳಿ. ಸಾವಿರಾರು ಜನಕ್ಕೆ ಪಾಠ ಮಾಡಿರ್ತಾರೆ, ನೀವು ಆಗ ಮಾತೂ ಆಡ್ತಿರ್ಲಿಲ್ವೇನೋ. "ನಾನ್ಯಾರು ಗೊತ್ತಾಯ್ತಾ ಸಾರ್?" ಅಂತ ಪರೀಕ್ಷೆ ಮಾಡೋರನ್ನ ಕಂಡ್ರೆ ನನಗೆ ಸಿಟ್ಟು ಬರತ್ತೆ, ವಯಸ್ಸಾದೋರನ್ನ ಹಾಗೆ ಇಕ್ಕಟ್ಟಿಗೆ ಸಿಕ್ಕಿಸ್ಬಾರ್ದು. ಬಾಗಿಲಲ್ಲೇ ಹೆಸರು, ವರ್ಷ, ವಿಷಯ ಹೇಳಿಬಿಡಿ. ನಿಮ್ಮ ಸಾಧನೆ ಪಟ್ಟಿ ಕಡಿಮೆ ಇರ್ಲಿ, ಅವ್ರ ವಿಷಯದಲ್ಲಿ ನಿಮಗೆ ಇವತ್ತಿಗೂ ಅರ್ಥ ಆಗದ ಒಂದು ಪ್ರಶ್ನೆ ತಗೊಂಡು ಹೋಗಿ, ಅದನ್ನ ಕೇಳಿ. ಪಾಠ ಮಾಡ್ದೋರಿಗೆ ಅದಕ್ಕಿಂತ ದೊಡ್ಡ ಖುಷಿ ಇಲ್ಲ, ಕನ್ನಡಕ ಹುಡುಕ್ಕೊಂಡು ಬಂದು ಪೇಪರ್ ಪೆನ್ನು ತರಿಸಿ ಕೂತೇಬಿಡ್ತಾರೆ. ಫೋನ್ ಮಾಡಿ ಸಮಯ ಕೇಳ್ಕೊಂಡು ಹೋಗಿ, ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಮಾತ್ರ ಹೋಗ್ಬೇಡಿ, ಮಲಗಿರ್ತಾರೆ.